ಚಾರ್ಟನ್ನು ಗೋಡೆಯಿಂದ ಇಳಿಸಿದ ಮೇಲೆ

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ತರಗತಿಯ ಗೋಡೆಯ ಮೇಲೆ ಕೈಯಿಡಲು ಜಾಗವಿರಲಿಲ್ಲ. ರಾತ್ರಿ ಹತ್ತರವರೆಗೆ ಕುಳಿತು ಥರ್ಮಾಕೋಲ್ ಕತ್ತರಿಸಿ, ಬಣ್ಣದ ಹಾಳೆ ಅಂಟಿಸಿ, ಸ್ಥಾನಬೆಲೆಯ ಮರ, ಭಿನ್ನರಾಶಿಯ ಹೂವು, ಮಗ್ಗಿಯ ರೈಲು ಮಾಡಿ ತೂಗುಹಾಕುತ್ತಿದ್ದೆ. ನೋಡಿದವರೆಲ್ಲ ಹೊಗಳುತ್ತಿದ್ದರು. ಒಂದು ದಿನ, ಆ ಸ್ಥಾನಬೆಲೆಯ ಮರದ ಕೆಳಗೇ ಕುಳಿತಿದ್ದ ಮಕ್ಕಳಿಗೆ 42ರಲ್ಲಿ 17 ಕಳೆಯಲು ಹೇಳಿದೆ. ಅರ್ಧಕ್ಕಿಂತ ಹೆಚ್ಚು ಸ್ಲೇಟುಗಳ ಮೇಲೆ 35 ಎಂಬ ಉತ್ತರವಿತ್ತು.

ಆ 35 ಅನ್ನು ನಾನು ಬಹಳ ದಿನ ಮರೆಯಲಿಲ್ಲ. ಮಗು ಮೈಗಳ್ಳತನದಿಂದ ಬರೆದ ಉತ್ತರ ಅದಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಹೇಳಿಕೊಟ್ಟಿದ್ದೇವೆ. ಬಿಡಿ ಸ್ಥಾನದಲ್ಲಿ 2 ಮತ್ತು 7 ಇವೆ. 7 ದೊಡ್ಡದು, 2 ಚಿಕ್ಕದು, ಕಳೆದರೆ 5. ಹತ್ತರ ಸ್ಥಾನದಲ್ಲಿ 4ರಿಂದ 1 ಹೋದರೆ 3. ಹೇಳಿದ್ದನ್ನು ಮಗು ಚಾಚೂ ತಪ್ಪದೆ ಮಾಡಿದೆ. ಅದರ ಕಣ್ಣಿಗೆ ಕಂಡದ್ದು ಎರಡು ಬಿಡಿಬಿಡಿ ಲೆಕ್ಕ. ನಲವತ್ತೆರಡು ಎಂಬ ರಾಶಿ ಕಂಡೇ ಇಲ್ಲ. ತಲೆಯ ಮೇಲೆ ನನ್ನ ಮರ ನೇತಾಡುತ್ತಲೇ ಇತ್ತು. ಆ ಮರವನ್ನು ಮಾಡಿದವಳು ನಾನು. ಎಣಿಸಿದ್ದು, ಕತ್ತರಿಸಿದ್ದು, ಹತ್ತು ಎಲೆಗೆ ಒಂದು ಕೊಂಬೆ ಎಂದು ಜೋಡಿಸಿದ್ದು ನನ್ನ ಕೈ. ಅದರಿಂದ ಯಾರಾದರೂ ಏನಾದರೂ ಕಲಿತಿದ್ದರೆ ಅದು ನಾನೇ.

ಆ ವಾರವೇ ಚಾರ್ಟುಗಳನ್ನು ಇಳಿಸಿ ಸುತ್ತಿಟ್ಟೆ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಗಣಿತದ ಚಿತ್ರ ಮಗುವಿನ ಕೈಯಿಂದಲೇ ಮೂಡಬೇಕು. ಅದು ಸೊಟ್ಟಗಿರಲಿ, ಮಸಿಯಾಗಿರಲಿ, ನಡೆಯುತ್ತದೆ.

ತರಬೇತಿಗಳಲ್ಲಿ ನಮಗೆ ಅನುಭವ, ಭಾಷೆ, ಚಿತ್ರ, ಸಂಕೇತ ಎಂಬ ನಾಲ್ಕು ಮೆಟ್ಟಿಲು ಹೇಳಿಕೊಟ್ಟಿದ್ದರು. ಬರೆದುಕೊಂಡಿದ್ದೆ, ಆದರೆ ಮೂರನೆಯ ಮೆಟ್ಟಿಲಿನ ಬೆಲೆ ತಿಳಿದಿರಲಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ನಮ್ಮ ಮಕ್ಕಳು ನಲಿಕಲಿಯಲ್ಲಿರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಶುರುವಾದ ಆ ಪದ್ಧತಿಯಲ್ಲಿ ಮಗು ನೆಲದ ಮೇಲೆ ಗುಂಪಿನಲ್ಲಿ ಕುಳಿತು, ಕಾರ್ಡು ಹಿಡಿದು, ವಸ್ತು ಮುಟ್ಟಿ ಕಲಿಯುತ್ತದೆ. ನಾಲ್ಕಕ್ಕೆ ಬಂದೊಡನೆ ಬೆಂಚು, ಕರಿಹಲಗೆ, ಪಠ್ಯಪುಸ್ತಕ. ಕೈಯಲ್ಲಿದ್ದ ವಸ್ತು ಮಾಯವಾಗಿ ನೇರವಾಗಿ ಅಂಕಿ ಎದುರು ನಿಲ್ಲುತ್ತದೆ. ನಡುವೆ ಸೇತುವೆ ಇಲ್ಲ. ನಮ್ಮ ಶಾಲೆಯಲ್ಲಿ ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ರೂಪಿಸಿದ ಗಣಿತ ಕಲಿಕಾ ಆಂದೋಲನದ ಕಿಟ್ ಇತ್ತು. ಒಳ್ಳೆಯ ಸಾಮಗ್ರಿ. ಕಳೆದುಹೋದೀತು ಎಂಬ ಭಯದಿಂದ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದವಳೂ ನಾನೇ. ಬೀಗ ತೆಗೆದೆ.

ಆದರೆ 42 ಮತ್ತು 17ರ ವಿಷಯಕ್ಕೆ ಕಿಟ್‌ಗಿಂತ ಮೊದಲು ನಾನು ತಂದದ್ದು ತೆಂಗಿನ ಗರಿಯ ಹಳೆಯ ಕಸಬರಿಗೆ. ಕಡ್ಡಿಗಳನ್ನು ಗೇಣುದ್ದ ಮುರಿದು, ಹತ್ತು ಹತ್ತನ್ನು ಮಕ್ಕಳೇ ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರು. ಕಟ್ಟುವ ಕೆಲಸವನ್ನು ನಾನು ಮಾಡಿಕೊಡುವುದಿಲ್ಲ. ಹತ್ತು ಬಿಡಿ ಸೇರಿ ಒಂದು ಕಟ್ಟಾಗುವುದನ್ನು ಬೆರಳಿನಿಂದಲೇ ತಿಳಿಯಬೇಕು. ನಲವತ್ತೆರಡು ಎಂದರೆ ನಾಲ್ಕು ಕಟ್ಟು, ಎರಡು ಕಡ್ಡಿ. ಈಗ ಹದಿನೇಳು ಕೊಡು ಎಂದೆ. ಹುಡುಗನೊಬ್ಬ ಒಂದು ಕಟ್ಟು ಕೊಟ್ಟ. ಎರಡು ಕಡ್ಡಿಯನ್ನೂ ಕೊಟ್ಟ. ಇನ್ನೂ ಐದು ಬೇಕು. ಕಟ್ಟುಗಳನ್ನು ನೋಡಿದ, ನನ್ನನ್ನು ನೋಡಿದ. "ಬಿಚ್ಚಲೇ ಟೀಚರ್?" ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಪಕ್ಕದಲ್ಲಿದ್ದವಳು "ಬಿಚ್ಚು, ಹತ್ತೇ ಇರುತ್ತವೆ" ಎಂದಳು. ರಬ್ಬರ್ ಬ್ಯಾಂಡ್ ಚಟ್ಟನೆ ಸರಿಯಿತು, ಹತ್ತು ಕಡ್ಡಿ ಬೆಂಚಿನ ಮೇಲೆ ಹರಡಿಕೊಂಡವು. ಅವನು ಐದನ್ನು ಎಣಿಸಿ ಕೊಟ್ಟ. ಉಳಿದದ್ದು ಎರಡು ಕಟ್ಟು, ಐದು ಕಡ್ಡಿ. "ಪಕ್ಕದ ಮನೆಯಿಂದ ಸಾಲ" ಎಂದು ನಾನು ವರ್ಷಗಟ್ಟಲೆ ಹೇಳುತ್ತಿದ್ದ ಮಾತು ಎಷ್ಟು ತಪ್ಪು ದಾರಿಯದು ಎಂದು ಆಗ ಹೊಳೆಯಿತು. ಅಲ್ಲಿ ಯಾರೂ ಸಾಲ ಪಡೆದಿಲ್ಲ, ಯಾರೂ ತೀರಿಸಬೇಕಿಲ್ಲ. ತನ್ನದೇ ಕಟ್ಟನ್ನು ಬಿಚ್ಚಿಕೊಂಡದ್ದು ಅಷ್ಟೇ. ಈಗ ನಮ್ಮ ತರಗತಿಯಲ್ಲಿ ಸಾಲ ಎಂಬ ಮಾತಿಲ್ಲ, "ಕಟ್ಟು ಬಿಚ್ಚು" ಎನ್ನುತ್ತೇವೆ.

ಇಷ್ಟಕ್ಕೇ ನಿಲ್ಲಿಸಿದರೆ ಮರುದಿನ ಸ್ಲೇಟಿನಲ್ಲಿ ಮತ್ತೆ 35 ಬರುತ್ತದೆ. ಬಂದಿದೆ ಕೂಡ. ಕಡ್ಡಿಯಿಂದ ಅಂಕಿಗೆ ಹಾರಲು ಮಗುವಿಗೆ ಆಗುವುದಿಲ್ಲ. ಹಾಗಾಗಿ ನಡುವೆ ಒಂದು ವಾರ ಚಿತ್ರ ಬರೆಸುತ್ತೇನೆ. ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿಗೆ ಒಂದು ಚುಕ್ಕಿ. 42 ಎಂದರೆ ನಾಲ್ಕು ಗೆರೆ, ಎರಡು ಚುಕ್ಕಿ. ಬಿಚ್ಚಬೇಕಾದಾಗ ಒಂದು ಗೆರೆಯನ್ನು ಹೊಡೆದುಹಾಕಿ ಹತ್ತು ಚುಕ್ಕಿ ಇಡಬೇಕು. ಚಿತ್ರದ ಪಕ್ಕದಲ್ಲೇ ಅಂಕಿಯ ಲೆಕ್ಕ. ಗೆರೆ ಹೊಡೆದ ಕ್ಷಣಕ್ಕೇ 4 ಅನ್ನು ಹೊಡೆದು 3 ಬರೆಯಬೇಕು, ಹತ್ತು ಚುಕ್ಕಿ ಇಟ್ಟ ಕ್ಷಣಕ್ಕೇ 2 ಹೋಗಿ 12 ಆಗಬೇಕು. ಎಡಗಡೆ ಚಿತ್ರ, ಬಲಗಡೆ ಅಂಕಿ, ಒಂದರ ಹಿಂದೆ ಇನ್ನೊಂದು. ಕೆಲವು ಮಕ್ಕಳಿಗೆ ಇದು ಮೂರು ದಿನದಲ್ಲಿ ಕೂಡಿಬರುತ್ತದೆ, ಕೆಲವರಿಗೆ ತಿಂಗಳು ಬೇಕು. ಚಿತ್ರ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪರೀಕ್ಷೆಯ ಹಾಳೆಯ ಅಂಚಿನಲ್ಲಿ ಗೆರೆ ಚುಕ್ಕಿ ಬಿಡಿಸಿದರೆ ಅಂಕ ಕಳೆಯುವುದೂ ಇಲ್ಲ. ಬೇಡವಾದಾಗ ಅವರೇ ಬಿಡುತ್ತಾರೆ.

ಇನ್ನೊಂದು ತಪ್ಪು ಎಲ್ಲ ಶಿಕ್ಷಕರಿಗೂ ಗೊತ್ತಿರುವುದು. ನೂರ ಐದು ಬರೆಯಲು ಹೇಳಿದರೆ 1005. ಕೇಳಿದ ಹಾಗೆ ಬರೆದಿದ್ದಾರೆ: ಮೊದಲು ನೂರು, ಆಮೇಲೆ ಐದು. ಇದಕ್ಕೆ ಹಳೆಯ ಮದುವೆ ಕಾರ್ಡುಗಳನ್ನು ಪಟ್ಟಿಗಳಾಗಿ ಕತ್ತರಿಸಿಕೊಂಡೆವು. 100 ಬರೆದ ಉದ್ದ ಪಟ್ಟಿ, 10, 20, 30 ಬರೆದ ನಡುವಿನ ಪಟ್ಟಿ, 1ರಿಂದ 9ರವರೆಗಿನ ಗಿಡ್ಡ ಪಟ್ಟಿ. 100ರ ಮೇಲೆ 5 ಅನ್ನು ಬಲತುದಿಗೆ ಸರಿಯಾಗಿ ಕೂರಿಸಿದರೆ ಕೊನೆಯ ಸೊನ್ನೆ ಮುಚ್ಚಿಹೋಗಿ 105 ಕಾಣುತ್ತದೆ. ಪಟ್ಟಿ ಎತ್ತಿದರೆ ಒಳಗೆ ನೂರು ಹಾಗೇ ಇದೆ. ಮಕ್ಕಳು ಅದನ್ನು ಮುಚ್ಚಿ ತೆರೆದು ಮುಚ್ಚಿ ತೆರೆದು ನೋಡುತ್ತಾರೆ. ಅದರ ಜೊತೆಗೆ ಕನ್ನಡದ ಹೆಸರುಗಳನ್ನೂ ಒಡೆಯುತ್ತೇವೆ. ಮೂವತ್ತು ಎಂದರೆ ಮೂರು ಹತ್ತು, ಐವತ್ತು ಎಂದರೆ ಐದು ಹತ್ತು, ಅರವತ್ತು ಎಂದರೆ ಆರು ಹತ್ತು. ಸ್ಥಾನಬೆಲೆಯನ್ನು ನಮ್ಮ ಭಾಷೆ ಬಾಯಲ್ಲೇ ಇಟ್ಟುಕೊಟ್ಟಿದೆ, ಅದನ್ನು ಬಳಸದೆ ಬಿಡುವುದು ಅನ್ಯಾಯ.

ಮಗ್ಗಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಅನೇಕ ಸಹೋದ್ಯೋಗಿಗಳಿಗೆ ಹಿಡಿಸುವುದಿಲ್ಲ. ಬಾಯಿಪಾಠ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ಮೊದಲು ಆರೇಳಲಿ ನಲವತ್ತೆರಡು ಹೇಗಿರುತ್ತದೆ ಎಂದು ಕಣ್ಣು ನೋಡಿರಬೇಕು. ಇದಕ್ಕೆ ರಂಗೋಲಿಯ ಚುಕ್ಕಿಗಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. ಜಗುಲಿಯ ಮೇಲೆ ಆರು ಸಾಲು, ಸಾಲಿಗೆ ಏಳು ಚುಕ್ಕಿ. ಏಳರ ಮಗ್ಗಿ ಬಾರದವರು ಐದು ಚುಕ್ಕಿಯ ನಂತರ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯುತ್ತಾರೆ: ಆ ಕಡೆ ಆರೈದಲಿ ಮೂವತ್ತು, ಈ ಕಡೆ ಆರೆರಡಲಿ ಹನ್ನೆರಡು, ಒಟ್ಟು ನಲವತ್ತೆರಡು. ಪಕ್ಕದ ಬದಿಗೆ ಹೋಗಿ ನಿಂತು ನೋಡಿದರೆ ಅದೇ ಚುಕ್ಕಿಗಳು ಏಳು ಸಾಲು, ಸಾಲಿಗೆ ಆರು. ಆರೇಳು, ಏಳಾರು ಎರಡೂ ಒಂದೇ ಎಂದು ಹೇಳಿಕೊಡುವ ಅಗತ್ಯವೇ ಬರುವುದಿಲ್ಲ.

ಒಮ್ಮೆ ಐದನೇ ತರಗತಿಯ ಹುಡುಗಿಯೊಬ್ಬಳು ಹಾಗೆ ಇಡದೆ, ಮನೆಯಂಗಳದಲ್ಲಿ ತಾಯಿ ಇಡುವ ಹಾಗೆ ಇಟ್ಟಳು. ನಡುವೆ ನಾಲ್ಕು ಚುಕ್ಕಿ, ಅದರ ಮೇಲೆ ಸಂದುಗಳಿಗೆ ಸರಿಯಾಗಿ ಮೂರು, ಅದರ ಮೇಲೆ ಎರಡು, ಕೊನೆಗೆ ಒಂದು. ಕೆಳಗೂ ಹಾಗೆಯೇ ಮೂರು, ಎರಡು, ಒಂದು. ಇದರಲ್ಲಿ ಎಷ್ಟು ಚುಕ್ಕಿ ಎಂದು ಕೇಳಿದೆ. ಎಲ್ಲರೂ ಕೂಡಿಸಿ ಹದಿನಾರು ಎಂದರು. ಅವಳು ಮಾತ್ರ ಕೂಡಿಸದೆ ಕುಕ್ಕರುಗಾಲಿನಲ್ಲಿ ಓರೆಯಾಗಿ ಕುಳಿತು, ಬೆರಳನ್ನು ಕೆಳಗಿನ ಚುಕ್ಕಿಯಿಂದ ಎಡಮೇಲಕ್ಕೆ ಓಡಿಸಿದಳು. ನಾಲ್ಕು. ಪಕ್ಕದ ಓರೆ ಸಾಲಿನಲ್ಲಿ ಓಡಿಸಿದಳು. ನಾಲ್ಕು. "ಇದು ನಾಲ್ಕು ನಾಲ್ಕಲಿ ಹದಿನಾರೇ ಟೀಚರ್, ಓರೆ ಮಾಡಿ ಇಟ್ಟಿದ್ದೇವೆ ಅಷ್ಟೆ" ಎಂದಳು. ನಾನು ಇಪ್ಪತ್ತು ವರ್ಷದಿಂದ ಆ ರಂಗೋಲಿ ಹಾಕುತ್ತಿದ್ದೇನೆ, ನನಗೆ ಅದು ಕಂಡಿರಲಿಲ್ಲ. ನಡುವೆ ಐದು ಇಟ್ಟರೆ? ಇಪ್ಪತ್ತೈದು. ಏಳು ಇಟ್ಟರೆ? ಚುಕ್ಕಿ ಇಡುವ ಮೊದಲೇ ನಲವತ್ತೊಂಬತ್ತು ಎಂದು ಹಿಂದಿನ ಬೆಂಚಿನವರೂ ಕೂಗಿದರು. ಸಂಜೆ ಅವಳ ತಾಯಿ ಶಾಲೆಯ ಮುಂದೆ ಹೋಗುವಾಗ ಕರೆದು ಹೇಳಿದೆ. "ನಾನು ಲೆಕ್ಕ ಕಲಿತವಳಲ್ಲ ಅಕ್ಕೋರೆ" ಎಂದರು. ನಿಮ್ಮ ಅಂಗಳದಲ್ಲಿ ದಿನವೂ ಇದೆ ಎಂದೆ.

ಭಿನ್ನರಾಶಿಗೆ ರೊಟ್ಟಿಯಿಂದ ಶುರು ಮಾಡುವುದು ಎಲ್ಲರೂ ಮಾಡುವ ಕೆಲಸ, ನಾನೂ ಮಾಡಿದೆ. ಅದರಲ್ಲಿ ಎರಡು ತೊಡಕಿವೆ. ದುಂಡನೆಯದನ್ನು ಮೂರು ಸಮಪಾಲು ಮಾಡುವುದು ಮಕ್ಕಳಿಗೆ ಕಷ್ಟ. ಮತ್ತೆ ಒಬ್ಬರ ಬುತ್ತಿಯ ರೊಟ್ಟಿ ಇನ್ನೊಬ್ಬರದಕ್ಕಿಂತ ದೊಡ್ಡದು. "ಅವನ ಅರ್ಧ ನನ್ನ ಅರ್ಧಕ್ಕಿಂತ ದೊಡ್ಡದಿದೆ" ಎಂದು ಜಗಳ ಬಂತು. ಆ ಜಗಳವನ್ನು ನಾನು ಬೇಗ ಮುಗಿಸಲಿಲ್ಲ. ಇಡಿಯದು ಒಂದೇ ಅಳತೆಯದಾದರೆ ಮಾತ್ರ ಅರ್ಧವನ್ನು ಅರ್ಧಕ್ಕೆ ಹೋಲಿಸಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಹೇಳೀತು? ಆಮೇಲೆ ಹಳೆಯ ದಿನಪತ್ರಿಕೆಯಿಂದ ಎಲ್ಲರಿಗೂ ಒಂದೇ ಉದ್ದದ ಪಟ್ಟಿಗಳನ್ನು ಕತ್ತರಿಸಿದೆವು. ಒಂದನ್ನು ಹಾಗೇ ಇಟ್ಟು, ಇನ್ನೊಂದನ್ನು ಒಂದು ಸಲ ಮಡಚಿದರೆ ಅರ್ಧ, ಮತ್ತೊಂದನ್ನು ಎರಡು ಸಲ ಮಡಚಿದರೆ ಕಾಲು, ಮಗದೊಂದನ್ನು ಮೂರು ಸಲ ಮಡಚಿದರೆ ಎಂಟನೇ ಒಂದು. ಮಡಿಕೆಯ ಗೆರೆಗಳ ಮೇಲೆ ಪೆನ್ಸಿಲ್ ಎಳೆದು ಒಂದರ ಕೆಳಗೆ ಒಂದು ಅಂಟಿಸಿದಾಗ, 8 ದೊಡ್ಡ ಸಂಖ್ಯೆಯಾದರೂ 1/8 ಏಕೆ 1/4ಕ್ಕಿಂತ ಚಿಕ್ಕದು ಎಂದು ಯಾರೂ ಕೇಳಲಿಲ್ಲ. ಮಡಚಿದಷ್ಟೂ ಪಾಲು ಕಿರಿದಾಗುವುದನ್ನು ಅವರ ಬೆರಳುಗಳೇ ಕಂಡಿದ್ದವು.

ಕಾಲು ಪಟ್ಟಿಯಲ್ಲಿ ಮೂರು ಮನೆಗೆ ಬಣ್ಣ ಹಚ್ಚಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. "ನಾಲ್ಕನೇ ಮೂರು" ಎಂದು ಪುಸ್ತಕದ ಭಾಷೆಯಲ್ಲಿ ಹೇಳಿದರು. ಅಂಗಡಿಯಲ್ಲಿ ಏನೆನ್ನುತ್ತಾರೆ? ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬ "ಮುಕ್ಕಾಲು" ಎಂದ. ಮತ್ತೊಬ್ಬ ಥಟ್ಟನೆ "ಮೂರು ಕಾಲು!" ಎಂದ. ಬಾಯಲ್ಲಿ ದಿನವೂ ಆಡುವ ಮಾತಿನೊಳಗೆ ಲೆಕ್ಕ ಅಡಗಿದ್ದನ್ನು ಕಂಡ ಮಕ್ಕಳ ಮುಖ ನೋಡಬೇಕಿತ್ತು. ಮರುದಿನ ಒಬ್ಬಳು ಅಜ್ಜಿಯಿಂದ ಅರೆಕಾಲು ಎಂಬ ಶಬ್ದ ಕೇಳಿಕೊಂಡು ಬಂದಳು. ಕಾಲಿನ ಅರ್ಧ. ಅಂದರೆ 1/8. ಅದನ್ನೂ ಪಟ್ಟಿಯ ಮೇಲೆ ಬರೆದಿಟ್ಟಿದ್ದೇವೆ.

ಸಂಖ್ಯಾರೇಖೆಯ ಬಗ್ಗೆ ಒಂದೇ ಮಾತು. ಜಗುಲಿಯ ಮೇಲೆ 0ಯಿಂದ 30ರವರೆಗೆ ಬರೆದು ಕುಂಟೆಬಿಲ್ಲೆಯ ಹಾಗೆ ಹಾರಿಸುತ್ತೇನೆ. 5ರ ಮೇಲೆ ನಿಂತು 3 ಕೂಡಿಸಲು ಹೇಳಿದರೆ ನಿಂತ ಜಾಗವನ್ನೇ ಒಂದು ಎಂದು ಎಣಿಸಿ 7ಕ್ಕೆ ಬರುತ್ತಾರೆ. ಮನೆಗಳನ್ನು ಎಣಿಸಬೇಡಿ, ಹಾರಿಕೆಯನ್ನು ಎಣಿಸಿ, ಕಾಲು ನೆಲಕ್ಕೆ ಬಡಿದಾಗಷ್ಟೇ ಬಾಯಿ ತೆರೆಯಿರಿ ಎಂದರೆ ಸರಿಹೋಗುತ್ತದೆ.

ಸ್ತಂಭ ನಕ್ಷೆಯನ್ನು ಬಿಸಿಯೂಟವೇ ಕಲಿಸಿತು. ಪ್ರತಿ ಮಗುವಿಗೂ ತನ್ನ ಹೆಸರು ಬರೆದ ಒಂದು ಖಾಲಿ ಬೆಂಕಿಪೊಟ್ಟಣವಿದೆ. ಮೊಟ್ಟೆ ಕೊಡುವ ದಿನ ಬೆಳಿಗ್ಗೆ ಒಳಗೆ ಬರುತ್ತಲೇ ಮೊಟ್ಟೆ ಬೇಕಾದವರು ಒಂದು ಕಡೆ, ಬಾಳೆಹಣ್ಣು ಬೇಕಾದವರು ಇನ್ನೊಂದು ಕಡೆ ಪೊಟ್ಟಣವನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಎರಡು ಗೋಪುರ ನಿಲ್ಲುತ್ತವೆ. ಯಾವುದು ಎಷ್ಟು ಹೆಚ್ಚು ಎಂದು ದೂರದಿಂದಲೇ ಕಾಣುತ್ತದೆ. ಗೋಪುರವನ್ನು ಚೌಕಳಿ ಹಾಳೆಯ ಮೇಲೆ, ಪೊಟ್ಟಣಕ್ಕೆ ಒಂದು ಚೌಕದಂತೆ ಇಳಿಸುವ ಹೊಣೆ ಸರದಿಯ ಪ್ರಕಾರ ಒಬ್ಬರದು. ಆ ಹಾಳೆ ಅಡುಗೆಮನೆಗೆ ಹೋಗುತ್ತದೆ, ಅಡುಗೆಯವರು ಅದನ್ನು ನೋಡಿಯೇ ಮೊಟ್ಟೆ ಬೇಯಿಸಲು ಇಡುತ್ತಾರೆ. ಒಮ್ಮೆ ಒಂದು ಚೌಕ ತಪ್ಪಿ ಒಂದು ಮೊಟ್ಟೆ ಕಡಿಮೆ ಬಿತ್ತು. ಬರೆದವಳು ತನ್ನ ಪಾಲಿನದನ್ನು ಕೊಟ್ಟು ಬಾಳೆಹಣ್ಣು ತಿಂದಳು. ಮುಂದಿನ ವಾರದಿಂದ ಎಲ್ಲರೂ ಎರಡೆರಡು ಸಲ ಎಣಿಸತೊಡಗಿದರು. ಐದನೇ ತರಗತಿಯವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯದ ಲೆಕ್ಕ. 34 ಮಕ್ಕಳು ಬಂದರೆ 3 ಕಿಲೋ 400 ಗ್ರಾಂ. ಕಿಲೋ ಗ್ರಾಂ ಪಾಠ ಬಂದಾಗ ಇದನ್ನೇ ತೂಕ ಮಾಡಿ ನೋಡುತ್ತೇವೆ.

ಭಾಗಾಕಾರ ಇನ್ನೂ ನನ್ನ ಕೈಗೆ ಪೂರ್ತಿ ಬಂದಿಲ್ಲ. ಮಕ್ಕಳು ಮೆಟ್ಟಿಲು ಮೆಟ್ಟಿಲಾಗಿ ಬರೆಯುತ್ತಾರೆ, ಆದರೆ ಅಂಕಿಯನ್ನು ಏಕೆ ಕೆಳಗಿಳಿಸುತ್ತೇವೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಈ ವರ್ಷ ಕಾಗದದ ನೋಟುಗಳಿಂದ ಶುರು ಮಾಡಿದ್ದೇನೆ. 74 ರೂಪಾಯಿಯನ್ನು ಮೂವರಿಗೆ ಹಂಚಬೇಕು: ಹತ್ತರ ಏಳು ನೋಟು, ಒಂದರ ನಾಲ್ಕು ನಾಣ್ಯ. ತಲಾ ಎರಡು ನೋಟು ಹಂಚಿದರು. ಉಳಿದ ಒಂದು ನೋಟನ್ನು ಹರಿಯುವಂತಿಲ್ಲ. ಚಿಲ್ಲರೆ ಮಾಡಿಸಲು, ನಾವು ಬ್ಯಾಂಕ್ ಎಂದು ಕರೆಯುವ ಮೇಜಿಗೆ ಓಡಿದರು, ಹತ್ತು ನಾಣ್ಯ ತಂದು ನಾಲ್ಕರ ಜೊತೆ ಸೇರಿಸಿದರು. ಹದಿನಾಲ್ಕು. ಕೆಳಗಿಳಿಸುವುದು ಎಂದರೆ ಇದು. ತಲಾ ನಾಲ್ಕು ನಾಣ್ಯ ಹಂಚಿ 24 ಆಯಿತು, ಎರಡು ನಾಣ್ಯ ಮೇಜಿನ ಮೇಲೆ ಉಳಿದವು. ಶೇಷ 2 ಎಂದು ಬರೆಯಿರಿ ಎಂದೆ. ಯಾರೂ ಬರೆಯಲಿಲ್ಲ. "ಅದು ಯಾರಿಗೆ ಟೀಚರ್?" ಎಂದು ಕೇಳಿದರು. ಅದಕ್ಕೂ ಚಿಲ್ಲರೆ ಮಾಡಿಸೋಣ ಎಂದಳು ಒಬ್ಬಳು. ಕಾಗದದಲ್ಲಿ ಎಂಟಾಣೆಗಳನ್ನು ದುಂಡಗೆ ಕತ್ತರಿಸಿದರು. ಎರಡು ರೂಪಾಯಿಗೆ ನಾಲ್ಕು ಎಂಟಾಣೆ, ಮೂವರಿಗೂ ಒಂದೊಂದು ಹೋಗಿ ಒಂದು ಎಂಟಾಣೆ ಉಳಿಯಿತು. ಗಂಟೆ ಹೊಡೆದರೂ ಆ ಮೂವರು ಅದರ ಸುತ್ತ ಕುಳಿತೇ ಇದ್ದರು, ಒಬ್ಬನ ಕೈಯಲ್ಲಿ ಕತ್ತರಿ ಇತ್ತು.