ಮಗು ‘ಕೊಡಿದ್ರು’ ಅಂದರೆ ಗಾಬರಿ ಬೇಡ

ಮೂರು ವರ್ಷದ ಮಗು ‘ಅಜ್ಜಿ ಲಡ್ಡು ಕೊಡಿದ್ರು’ ಅಂದರೆ ಅದಕ್ಕೆ ನಿಯಮ ಸಿಕ್ಕಿದೆ ಎಂದರ್ಥ: ಮಾಡು–ಮಾಡಿದ್ರು, ನೋಡು–ನೋಡಿದ್ರು, ಹಾಗಾದರೆ ಕೊಡು–ಕೊಡಿದ್ರು! ‘ತಪ್ಪು, ಸರಿಯಾಗಿ ಹೇಳು’ ಅನ್ನಬೇಡಿ. ‘ಹೌದಾ, ಅಜ್ಜಿ ಕೊಟ್ರಾ? ಎಷ್ಟು ಕೊಟ್ರು?’ ಅಂತ ಮಾತು ಮುಂದುವರಿಸಿ.

ನಿಯಮ ಕೂತಿದೆಯಾ ನೋಡಲು ಇಲ್ಲದ ಪದ ಬಳಸಿ. 1958ರಲ್ಲಿ ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಹೀಗೆ ಬಹುವಚನ ಕೇಳಿದ್ದರು. ನಮ್ಮಲ್ಲಿ ಅದು ನಡೆಯದು, ‘ಎರಡು ಬೆಕ್ಕು’ ಅಂತಲೇ ಅಲ್ವಾ ಹೇಳುವುದು! ಬದಲಿಗೆ ವಿಚಿತ್ರ ಪ್ರಾಣಿಯೊಂದರ ಚಿತ್ರ ಬಿಡಿಸಿ, ‘ಇದು ಟಿಬು. ಬಾಳೆಹಣ್ಣು ಯಾರಿಗೆ ಕೊಡುವ?’ ಅನ್ನಿ. ‘ಟಿಬುಗೆ’ ಬಂದರೆ ‘-ಗೆ’ ವಿಭಕ್ತಿ ಗಟ್ಟಿ.

ಮಂಗಳೂರಿನ ಮನೆಗಳಲ್ಲಿ ತುಳು ಬೆರೆತು ‘ಅಜ್ಜಿ ಬತ್ತೆರ್ (ಬಂದರು), ಲಡ್ಡು ಕೊಟ್ರು’ ಅಂದರೂ ಗೊಂದಲವಲ್ಲ. ತುಳುವಿನ ‘-ಎರ್’, ಕನ್ನಡದ ‘-ರು’ ಎರಡೂ ಪ್ರತ್ಯಯ ಅದರದರ ಜಾಗದಲ್ಲೇ ಇದೆ.