ಕಸ ಹೂಳಿಸಿ, ತಿಂಗಳಾದ ಮೇಲೆ ಅಗೆಸಿ ನೋಡಿ

ಪ್ರೈಮರಿ ಮಕ್ಕಳಿಗೆ ಪರಿಸರ ಪಾಠ ಮಾಡುವವರು ಇದನ್ನು ಖಂಡಿತ ಮಾಡಿಸಿ. ಶಾಲೆಯ ಒಂದು ಮೂಲೆಯಲ್ಲಿ ಗೇಣು ಆಳದ ಗುಂಡಿಗಳನ್ನು ತೋಡಿ. ಒಂದರಲ್ಲಿ ಹಣ್ಣಿನ ಸಿಪ್ಪೆ, ಇನ್ನೊಂದರಲ್ಲಿ ಒಣ ಎಲೆ, ಮತ್ತೊಂದರಲ್ಲಿ ಚಾಕೊಲೇಟ್ ಕವರ್ ಹಾಕಿಸಿ. ಮಣ್ಣು ಮುಚ್ಚಿ, ಗುರುತಿಗೆ ಕಡ್ಡಿ ನೆಡಿಸಿ. ಮಣ್ಣು ಒಣಗಿದರೆ ಕೊಳೆಯುವುದು ನಿಧಾನ, ಆಗಾಗ ನೀರು ಚಿಮುಕಿಸುತ್ತಿರಲಿ.

ಅಗೆಯುವ ಮೊದಲು, ಒಳಗೆ ಏನಾಗಿರಬಹುದು ಅಂತ ಮಕ್ಕಳಿಂದಲೇ ಬರೆಸಿ. ಇದನ್ನು ಮಾತ್ರ ಬಿಡಬೇಡಿ, ಯೋಚನೆ ಶುರುವಾಗೋದೇ ಇಲ್ಲಿ. ತಿಂಗಳಾದ ಮೇಲೆ ತೆಗೆದರೆ ಸಿಪ್ಪೆ ಕಪ್ಪಾಗಿ ಮಣ್ಣಿನ ಜೊತೆ ಬೆರೆಯುತ್ತಾ ಇರುತ್ತದೆ. ಎರೆಹುಳು ಸಿಕ್ಕರೂ ಸಿಗಬಹುದು. ಕವರ್ ಹಾಗೇ ಇರುತ್ತದೆ, ಮೇಲಿನ ಅಕ್ಷರ ಕೂಡ ಓದಬಹುದು! ಯಾಕೆ ಹೀಗೆ ಅಂತ ಅವರೇ ಕೇಳುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಪ್ಲಾಸ್ಟಿಕ್ ಅರಗಿಸಿಕೊಳ್ಳೋದು ಕಷ್ಟ ಅಂತ ಆಗ ಹೇಳಿ.

ಕವರನ್ನು ವಾಪಸ್ ಹೂಳಬೇಡಿ, ಒಣ ಕಸಕ್ಕೆ ಹಾಕಿಸಿ. ಎಲ್ಲರ ಕೈಯನ್ನೂ ಸೋಪು ಹಾಕಿ ತೊಳೆಸಿ.