ಹಳೇ ವಿಮಾನ ಹಾರಿಸೋದಾ, ಮ್ಯೂಸಿಯಂನಲ್ಲಿ ಇಡೋದಾ? ಮೊದ್ಲು ತಲೆ ಮೇಲೊಂದು ಸೂರು ಕೊಡಿ

ಹಳೇ ವಿಮಾನಗಳನ್ನ ಹಾರಿಸ್ತಾ ಇರ್ಬೇಕಾ ಇಲ್ಲಾ ಮ್ಯೂಸಿಯಂನಲ್ಲಿ ಇಟ್ಬಿಡ್ಬೇಕಾ ಅಂತ ಮಾತು ಬಂದಾಗೆಲ್ಲ ನಾನು ಮಧ್ಯ ಬಾಯಿ ಹಾಕ್ತೀನಿ, ಯಾಕಂದ್ರೆ ನಮ್ಮ ಕಡೆ ಎಷ್ಟೋ ವಿಮಾನಗಳಿಗೆ ಇವೆರಡೂ ಸಿಗಲ್ಲ. ಸಿಮೆಂಟ್ ಕಟ್ಟೆ ಮೇಲೆ ಬಿಸಿಲು ಮಳೇಲಿ ನಿಲ್ಲಿಸಿಬಿಡ್ತಾರೆ ಅಷ್ಟೇ.

ನಾವು ರಿಪೇರಿ ಮಾಡಿದ್ದು ಒಂದು ಕಾಲೇಜಿನ ಪುಷ್ಪಕ್. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿದ ಎರಡು ಸೀಟಿನ ಪುಟ್ಟ ವಿಮಾನ, ಮೊದಲು ಹಾರಿದ್ದು 1958ರಲ್ಲಿ, ಇಂಜಿನ್ 90 ಹಾರ್ಸ್‌ಪವರ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಪೈಲಟ್ ಆಗಿದ್ದೇ ಇದ್ರಲ್ಲಿ ಕಲಿತು. ದೂರದಿಂದ ನೋಡೋಕೆ ಚೆನ್ನಾಗೇ ಇತ್ತು, ಆಗಾಗ ಪೇಂಟ್ ಹೊಡೆಸ್ತಾ ಇದ್ರು. ಹತ್ರ ಹೋಗಿ ರೆಕ್ಕೆ ಬಟ್ಟೆ ಮೇಲೆ ಹೆಬ್ಬೆರಳು ಒತ್ತಿದ್ರೆ ಸೀದಾ ಒಳಗೇ ಹೋಯ್ತು.

ಬಟ್ಟೆ ಹೋದ್ರೆ ಹೋಗ್ಲಿ, ಬೇರೆ ಹಾಕಬಹುದು. ಕಷ್ಟ ಇರೋದು ಒಳಗಿನ ಸ್ಟೀಲ್ ಪೈಪುಗಳದ್ದು. ಇದು ಟೇಲ್ ವೀಲ್ ವಿಮಾನ, ನಿಂತಾಗ ಮೂತಿ ಮೇಲೆ ಬಾಲ ಕೆಳಗೆ, ಹಾಗಾಗಿ ಒಳಗೆ ಸೇರಿದ ನೀರೆಲ್ಲ ಬಾಲದ ಕಡೆಗೇ ಇಳಿಯತ್ತೆ. ಅಲ್ಲಿ ನೀರು ಹೋಗ್ಲಿ ಅಂತ ಬಟ್ಟೇಲಿ ಬಿಟ್ಟಿರೋ ಸಣ್ಣ ತೂತುಗಳೆಲ್ಲ ಪೇಂಟ್ ಮೇಲೆ ಪೇಂಟ್ ಬಿದ್ದು ಮುಚ್ಚಿಹೋಗಿದ್ವು. ಸಣ್ಣ ಸುತ್ತಿಗೆಯಲ್ಲಿ ಪೈಪು ತಟ್ಟುತ್ತಾ ಬಂದ್ರೆ ಮುಂದುಗಡೆ ಟಣ್ ಅಂತಿತ್ತು, ಬಾಲದ ಹತ್ರ ಬರ್ತಾ ಬರ್ತಾ ಸದ್ದೇ ಸತ್ತುಹೋಯ್ತು, ದಬ್ಬಣ ಒತ್ತಿದ್ರೆ ತೂರಿಕೊಂಡು ಹೋಯ್ತು. ಕೆಟ್ಟ ಪೈಪು ಕತ್ತರಿಸಿ ಹೊಸದು ವೆಲ್ಡ್ ಮಾಡಿ, ತುಕ್ಕು ಹಿಡಿಯದಂಗೆ ಪೈಪಿನೊಳಗೆ ಬಿಸಿ ಅಗಸೆ ಎಣ್ಣೆ ಸುರಿದು, ಬಸಿದು, ಎಣ್ಣೆ ಸುರಿದ ತೂತು ಮುಚ್ಚಿದ್ವಿ. ಹಳೇ ಕಾಲದ ಪದ್ಧತಿ, ಇವತ್ತಿಗೂ ಅದೇ ಸರಿ.

ಆಮೇಲೆ ಕಾಟನ್ ಬಟ್ಟೆ, ಅದ್ರ ಮೇಲೆ ಡೋಪ್, ಅಂದ್ರೆ ಬಟ್ಟೆ ಬಿಗಿಯೋಕೆ ಬಳಿಯೋ ವಾರ್ನಿಶ್ ಥರದ ದ್ರವ. ಮಳೆಗಾಲದಲ್ಲಿ ಡೋಪ್ ಮುಟ್ಟಬಾರ್ದು, ಗಾಳೀಲಿ ತೇವ ಇದ್ರೆ ಬಿಳಿಚಿಕೊಳ್ಳತ್ತೆ, ಬಟ್ಟೆನೂ ಸರಿಯಾಗಿ ಬಿಗಿಯಲ್ಲ, ಅದಕ್ಕೆ ಮಳೆ ಮುಗಿಯೋವರೆಗೂ ಕಾದ್ವಿ. ಮೊದಲ ಕೋಟು ತೆಳ್ಳಗೆ, ನೂಲಿನೊಳಗೆ ಇಳೀಬೇಕು. ಮೇಲಿನ ಕೋಟುಗಳಿಗೆ ಅಲ್ಯುಮಿನಿಯಂ ಪುಡಿ ಬೆರೆಸ್ತೀವಿ, ಬಿಸಿಲು ಬಟ್ಟೆನ ತಿನ್ನದಂಗೆ ತಡೆಯೋದೇ ಅದು. ಒಣಗಿದ್ಮೇಲೆ ಬೆರಳಲ್ಲಿ ಬಡಿದ್ರೆ ಕಾಯಿಸಿದ ತಮಟೆ ಥರ ಸದ್ದು ಬಂತು.

ಹುಡುಗ್ರು ಕೇಳಿದ್ರು, ಸರ್ ಇದನ್ನ ಹಾರಿಸೋಣ್ವಾ ಅಂತ. ಬೇಡ ಅಂದೆ. ಹಾರಿಸ್ಬೇಕಂದ್ರೆ ಅನುಮಾನ ಇರೋ ಪೈಪೆಲ್ಲ ತೆಗೀಬೇಕು, ವೈರಿಂಗ್ ಹೊಸದಾಗ್ಬೇಕು, ರೇಡಿಯೋ ಬೇಕು, ಒಂದೊಂದು ಬಿಡಿಭಾಗಕ್ಕೂ ಕಾಗದಪತ್ರ ಬೇಕು, ಕೊನೆಗೆ ಆಗಿನ ಕೆಲಸಗಾರರು ಮಾಡಿದ್ದು ಅಂತ ತೋರಿಸೋಕೆ ಏನೂ ಉಳಿಯಲ್ಲ.

ಹಾಗಂತ ಹಾರಿಸಲೇಬಾರ್ದು ಅನ್ನೋ ಪೈಕಿ ನಾನಲ್ಲ. ನಮ್ಮ ವಾಯುಪಡೆಯ ಪರಶುರಾಮ ಅನ್ನೋ ಡಕೋಟಾ, ಹಳೇ ಸಾಗಣೆ ವಿಮಾನ, ಬ್ರಿಟನ್‌ನಲ್ಲಿ ರಿಪೇರಿಯಾಗಿ 2018ರಲ್ಲಿ ತಾನೇ ಹಾರ್ಕೊಂಡು ಬಂತು. 1947ರ ಅಕ್ಟೋಬರ್ 27ಕ್ಕೆ ಶ್ರೀನಗರದಲ್ಲಿ ಸೈನಿಕರನ್ನ ಇಳಿಸಿದ ಡಕೋಟಾದ ನಂಬರ್ರೇ ಅದ್ರ ಮೈಮೇಲಿದೆ, ಹಾರ್ಲಿ, ನೂರು ವರ್ಷ ಹಾರ್ಲಿ. ಆ ಜಾತಿ ವಿಮಾನ 10,000ಕ್ಕೂ ಹೆಚ್ಚು ತಯಾರಾಗಿದ್ವು, ಪಾರ್ಟು ಸಿಗತ್ತೆ. ಲಿಬರೇಟರ್ ಬಾಂಬರ್ ಕಥೆ ನೋಡಿ, ಎರಡನೇ ಮಹಾಯುದ್ಧ ಮುಗಿದ್ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಹಾಳು ಮಾಡಿ ಬಿಟ್ಟುಹೋದವನ್ನ ಎಚ್‌ಎಎಲ್‌ನವ್ರು ಎಬ್ಬಿಸಿ ಬೆಂಗಳೂರಿಗೆ ಹಾರಿಸ್ಕೊಂಡು ಬಂದು ಸರಿ ಮಾಡಿದ್ರು, ವಾಯುಪಡೆ 1968ರವರೆಗೂ ಬಳಸ್ತು. ಬ್ರಿಟನ್ನಿನ ವಾಯುಪಡೆ (ಆರ್‌ಎಎಫ್) ಮ್ಯೂಸಿಯಂನಲ್ಲಿರೋ ಲಿಬರೇಟರ್ ನಮ್ಮ ವಾಯುಪಡೆ ಕೊಟ್ಟಿದ್ದು! ಹಾರ್ತಾ ಇದ್ದಿದ್ದಕ್ಕೇ ಅದು ಗುಜರಿ ಸೇರದೆ ಉಳೀತು.

ಆದ್ರೆ ಬೆರಳೆಣಿಕೆಯಷ್ಟು ಉಳಿದಿರೋದನ್ನ ಹಾರಿಸೋದು ನಂಗೆ ಒಪ್ಪಿಗೆ ಇಲ್ಲ. 2022ರ ನವೆಂಬರ್‌ನಲ್ಲಿ ಅಮೆರಿಕದ ಡಲ್ಲಾಸ್ ಏರ್‌ಶೋನಲ್ಲಿ ಮಹಾಯುದ್ಧ ಕಾಲದ ಒಂದು ಬಿ-17 ಬಾಂಬರ್, ಒಂದು ಪಿ-63 ಫೈಟರ್ ಡಿಕ್ಕಿ ಹೊಡೆದು ಆರು ಜನ ಸತ್ರು. ಆ ಜೀವಗಳ ಮುಂದೆ ಯಾವ ವಿಮಾನನೂ ದೊಡ್ಡದಲ್ಲ, ಪಿ-63 ಅಂತೂ ಮೊದಲೇ ಅಪರೂಪ.

ನಮ್ಮ ಪುಷ್ಪಕ್ ಈಗ ಶೀಟ್ ಹಾಕಿದ ಶೆಡ್ಡಿನೊಳಗಿದೆ. ಸಿಲಿಂಡರ್‌ಗಳಿಗೆ ತುಕ್ಕು ಹಿಡಿಯದ ಎಣ್ಣೆ ಬಿಟ್ಟು, ಸ್ಪಾರ್ಕ್ ಪ್ಲಗ್ ಜಾಗಕ್ಕೆ ತೇವ ಹೀರೋ ಸಿಲಿಕಾ ಜೆಲ್ ತುಂಬಿದ ಪ್ಲಗ್ ಹಾಕಿದೀವಿ, ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಹುಡುಗ್ರೇ ಬದಲಾಯಿಸ್ತಾರೆ. ಬೇರೆ ಕಾಲೇಜಿನವ್ರು ಬಂದು ತಮ್ಮಲ್ಲಿರೋದಕ್ಕೆ ಯಾವ ಪೇಂಟ್ ಒಳ್ಳೇದು ಅಂತ ಕೇಳ್ತಾರೆ, ಪೇಂಟ್ ದುಡ್ಡನ್ನ ಶೀಟಿಗೆ ಹಾಕಿ ಅಂತೀನಿ.